ಕಾಲೇಜಿಗೂ ಒಂದು ಮತಪೆಟ್ಟಿಗೆ ಬೇಕು: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ಕರ್ನಾಟಕದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನು ಮತ್ತೆ ನಡೆಸುವ ಬಗ್ಗೆ 2025ರ ಕೊನೆಯ ತಿಂಗಳುಗಳಲ್ಲಿ ಆಡಳಿತ ಪಕ್ಷದ ನಾಯಕರೇ ಮಾತೆತ್ತಿದರು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದ 1989-90ರ ಸುಮಾರಿಗೆ ನಿಂತುಹೋದ ಚುನಾವಣೆ ಅದು. ಅಂದಿನಿಂದ ಬೇಕು ಎನ್ನುವ ಹಿರಿಯರೂ ಬೇಡ ಎನ್ನುವ ಹಿರಿಯರೂ ಮಾತನಾಡುತ್ತಲೇ ಇದ್ದಾರೆ. ಮತ ಹಾಕಬೇಕಾದವರ ದನಿ ಆ ಚರ್ಚೆಯಲ್ಲಿ ತೀರ ಕಡಿಮೆ. ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿ. ಯಾವ ಸಂಘಟನೆಯ ಸದಸ್ಯಳೂ ಅಲ್ಲ. ನಮಗೆ ಚುನಾವಣೆ ಬೇಕು, ಬೇಗ ಬೇಕು, ಹಲ್ಲಿರುವ ಸಂಘ ಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ದಿನ ಹೇಗೆ ಸಾಗುತ್ತದೆ ಎಂದು ತಿಳಿಸದೆ ಈ ಬೇಡಿಕೆಯನ್ನು ವಿವರಿಸಲಾರೆ. ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಮೋಟಾರು ಹಾಕುವ ಹೊತ್ತಿಗೆ ಬಕೆಟ್ ತುಂಬಿಸಿಕೊಂಡವರಿಗೆ ಸ್ನಾನ, ತಡವಾಗಿ ಎದ್ದವರಿಗೆ ಮುಖ ತೊಳೆಯುವಷ್ಟು ನೀರು. ನಾಲ್ವರಿಗೆಂದು ಕಟ್ಟಿದ ಕೋಣೆಯಲ್ಲಿ ಆರು ಮಂದಿ ಇದ್ದೇವೆ. ತಿಂಡಿಗೆ ಉಪ್ಪಿಟ್ಟು ಅಥವಾ ಅವಲಕ್ಕಿ. ವಾರದ ಊಟದ ಪಟ್ಟಿ ಗೋಡೆಯ ಮೇಲೆ ಚೆಂದವಾಗಿ ಬರೆದಿದೆ, ತಟ್ಟೆಗೆ ಬೀಳುವುದು ಬೇರೆ. ವಾರ್ಡನ್ ಒಳ್ಳೆಯವರು. ಆದರೆ ಅವರಿಗೆ ಇನ್ನೊಂದು ಹಾಸ್ಟೆಲ್‌ನ ಹೊಣೆಯೂ ಇದೆ, ಎರಡರ ನಡುವೆ ಓಡಾಡುವುದರಲ್ಲೇ ಅವರ ದಿನ ಮುಗಿಯುತ್ತದೆ. ಸಂಜೆ ಏಳಕ್ಕೆ ಗೇಟು ಹಾಕುತ್ತಾರೆ. ಅದೇ ಆವರಣದ ಗ್ರಂಥಾಲಯ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಆ ಮೂರು ಗಂಟೆ ಹುಡುಗರ ಪಾಲಿಗೆ ಮಾತ್ರ. ಈ ವಿಷಯವನ್ನು ಯಾರ ಹತ್ತಿರ ಎತ್ತಬೇಕು? ವಾರ್ಡನ್ ತಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ. ಕುಲಸಚಿವರ ಕಚೇರಿಯಲ್ಲಿ ಅರ್ಜಿ ಬರೆದುಕೊಡಿ ಎನ್ನುತ್ತಾರೆ. ಅರ್ಜಿ ಕೊಟ್ಟವರ ಹೆಸರು ವಿಭಾಗದ ಮುಖ್ಯಸ್ಥರಿಗೆ ತಲುಪುತ್ತದೆ, ಆಂತರಿಕ ಅಂಕ ಅವರ ಕೈಯಲ್ಲೇ ಇರುತ್ತದೆ. ಹಾಗಾಗಿ ಎರಡನೆಯ ಅರ್ಜಿಯನ್ನು ಯಾರೂ ಬರೆಯುವುದಿಲ್ಲ. ಆರಿಸಿ ಬಂದ ಪ್ರತಿನಿಧಿ ಇದ್ದಿದ್ದರೆ ಒಬ್ಬೊಬ್ಬರೇ ಹೆಸರು ಬರೆದು ಸಿಕ್ಕಿಕೊಳ್ಳಬೇಕಾಗಿರಲಿಲ್ಲ.

ನಮ್ಮದು ಪ್ರಯೋಗಕ್ಕೆ ಸಿಕ್ಕ ಪೀಳಿಗೆ. 2021ರಲ್ಲಿ ಕೋವಿಡ್ ಕಾರಣಕ್ಕೆ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಮತ್ತು ಪ್ರಥಮ ಪಿಯು ಅಂಕ ನೋಡಿ ನಮ್ಮನ್ನು ಪಾಸು ಮಾಡಿದರು. ಅದೇ ಆಗಸ್ಟ್‌ನಲ್ಲಿ ಕರ್ನಾಟಕ ಎಲ್ಲ ರಾಜ್ಯಗಳಿಗಿಂತ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ಅಳವಡಿಸಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಿ.ಎ. ಸೇರಿದ ನಮಗೆ ಮೊದಲ ಸೆಮಿಸ್ಟರ್ ಆರಂಭವಾದ ಎಷ್ಟೋ ವಾರಗಳವರೆಗೆ ಪಠ್ಯಪುಸ್ತಕ ಸಿಗಲಿಲ್ಲ. ಡಿಜಿಟಲ್ ಫ್ಲುಯೆನ್ಸಿ ಎಂಬ ಪತ್ರಿಕೆಯನ್ನು ಕಪ್ಪು ಹಲಗೆಯ ಮೇಲೆ ಕಲಿತೆವು, ಏಕೆಂದರೆ ಕಾಲೇಜಿನ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಚಾಲೂ ಆಗುತ್ತಿರಲಿಲ್ಲ. ಮುಕ್ತ ಆಯ್ಕೆಯ ವಿಷಯ ಎಂದು ವೇಳಾಪಟ್ಟಿಯಲ್ಲಿ ಬರೆದಿದ್ದರೂ ಅದನ್ನು ಕಲಿಸಲು ಒಬ್ಬರೇ ಅಧ್ಯಾಪಕರಿದ್ದರು. ಆಯ್ಕೆಯ ಪ್ರಶ್ನೆಯೇ ಬರಲಿಲ್ಲ. ಆ ನೀತಿಯಂತೆ ಪದವಿಯನ್ನು ನಾಲ್ಕು ವರ್ಷ ಓದಿದರೆ ಎಂ.ಎ.ಯನ್ನು ಒಂದೇ ವರ್ಷದಲ್ಲಿ ಮುಗಿಸಬಹುದು ಎಂಬ ಮಾತು ನಂಬಿ ಸೇರಿದವರಿದ್ದರು. ನಾವು ಮೂರನೆಯ ವರ್ಷ ಮುಗಿಸುವ ಹೊತ್ತಿಗೆ ಸರ್ಕಾರ ಬದಲಾಗಿತ್ತು. ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ, ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿ ಬಂತು. 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿಯೇ ಮರಳಿತು.

ಮೂರು ವರ್ಷಕ್ಕೆ ಮರಳಿದ್ದು ನನ್ನಂಥವರ ಮನೆಗೆ ಒಳ್ಳೆಯದೇ ಎಂದು ನಂಬಿದ್ದೇನೆ. ನಾಲ್ಕನೆಯ ವರ್ಷದ ಖರ್ಚು ಹೊರಲು ಒಪ್ಪುವ ರೈತ ಕುಟುಂಬಗಳು ಕಡಿಮೆ, ಅದರಲ್ಲೂ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುವ ಅಪಾಯವಿತ್ತು. ಆದರೆ ನೀತಿ ತಂದವರೂ ತೆಗೆದವರೂ ನಮ್ಮ ಹೆಸರು ಹೇಳಿ ಮಾತನಾಡಿದರೇ ಹೊರತು ನಮ್ಮನ್ನು ಕೇಳಲಿಲ್ಲ. ಯಾರನ್ನು ಕೇಳಬೇಕಿತ್ತು ಎಂದು ಅವರು ಮರುಪ್ರಶ್ನೆ ಹಾಕಿದರೆ ನಮ್ಮಲ್ಲೂ ಉತ್ತರವಿಲ್ಲ. ಲಕ್ಷಾಂತರ ಪದವಿ ವಿದ್ಯಾರ್ಥಿಗಳ ಪರವಾಗಿ ಮೇಜಿನ ಮುಂದೆ ಕೂತು ಮಾತನಾಡುವ ಅಧಿಕಾರ ಪಡೆದ ಒಬ್ಬ ವಿದ್ಯಾರ್ಥಿಯೂ ಈ ರಾಜ್ಯದಲ್ಲಿ ಇರಲಿಲ್ಲ, ಈಗಲೂ ಇಲ್ಲ.

2023ರ ಕೊನೆಯಲ್ಲಿ, ನಾನು ಐದನೆಯ ಸೆಮಿಸ್ಟರ್‌ನಲ್ಲಿದ್ದಾಗ, ಸೇವೆ ಕಾಯಂ ಮಾಡಬೇಕೆಂದು ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ಅವರ ಬೇಡಿಕೆ ನ್ಯಾಯವಾದದ್ದು. ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರೇ ಅವರು, ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ನಮಗೆ ಅರ್ಥಶಾಸ್ತ್ರ ಕಲಿಸಿದ ಮೇಷ್ಟ್ರು ನಲವತ್ತು ದಾಟಿದವರು. ಪ್ರತಿ ವರ್ಷ ಕೌನ್ಸೆಲಿಂಗ್‌ಗೆ ಹೋಗಿ, ಮುಂದಿನ ವರ್ಷ ಯಾವ ಊರೋ ಎಂದು ಕಾಯುತ್ತಿದ್ದರು. ಅವರ ಹೋರಾಟಕ್ಕೆ ಬೆಂಬಲ ಕೊಡಬೇಕೆಂದು ನಮ್ಮಲ್ಲಿ ಅನೇಕರಿಗೆ ಇತ್ತು. ಅದೇ ಹೊತ್ತಿಗೆ ಪಾಠ ನಿಂತು ಪರೀಕ್ಷೆ ಹತ್ತಿರವಾಗುತ್ತಿತ್ತು, ಪರೀಕ್ಷೆ ಮುಂದೂಡಿ ಎಂದೂ ಕೇಳಬೇಕಿತ್ತು. ಎರಡನ್ನೂ ಒಟ್ಟಿಗೆ ಹೇಳಬಲ್ಲ ಸಂಘ ನಮಗಿರಲಿಲ್ಲ. ಪ್ರಾಂಶುಪಾಲರ ಕೋಣೆಯ ಹೊರಗೆ ಗುಂಪು ಸೇರಿದೆವು, ಚದುರಿ ಹೋದೆವು.

ಇನ್ನು ಓದುವ ಕೋಣೆಯ ಮಾತು. ಅಲ್ಲಿಗೆ ನೀವು ಯಾವ ಸೂಚನೆಯನ್ನೂ ಕೊಡದೆ ಒಮ್ಮೆ ಬರಬೇಕು. ಇತಿಹಾಸದ ಎಂ.ಎ., ಕನ್ನಡ ಎಂ.ಎ., ಎಂ.ಎಸ್ಸಿ. ಓದುವವರೆಲ್ಲರ ಕೈಯಲ್ಲೂ ಒಂದೇ ಬಗೆಯ ಪುಸ್ತಕ ಇರುತ್ತದೆ: ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂಬ ಸರ್ಕಾರಿ ನೌಕರಿಯ ಪರೀಕ್ಷೆಗಳ ಮಾರ್ಗದರ್ಶಿ. ತಮ್ಮ ವಿಷಯದಲ್ಲಿ ಆಸಕ್ತಿ ಇಲ್ಲದ್ದಕ್ಕೆ ಹೀಗೆ ಎಂದು ಅಧ್ಯಾಪಕರು ಬೈಯುತ್ತಾರೆ. ಆಸಕ್ತಿ ಇದೆ. ಆದರೆ ಮನೆಯಿಂದ ಫೋನು ಬಂದಾಗಲೆಲ್ಲ ಕೇಳುವುದು ನೌಕರಿಯ ವಿಷಯ. ಆ ನೌಕರಿಯ ದಾರಿ ಹೇಗಿದೆ ಎಂದು ನಿಮಗೆ ಗೊತ್ತು. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ ನೇಮಕಾತಿಯೇ ರದ್ದಾಯಿತು, ಪ್ರಾಮಾಣಿಕವಾಗಿ ಓದಿ ಬರೆದವರೂ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. 384 ಗೆಜೆಟೆಡ್ ಪ್ರೊಬೇಷನರಿ (ಕೆಎಎಸ್) ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವೇ ಆಗದಷ್ಟು ಕೆಟ್ಟ ಅನುವಾದದಲ್ಲಿದ್ದವು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಿದರು, ಅದರಲ್ಲೂ ತಪ್ಪುಗಳಿದ್ದವು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಕೋಣೆಯ ಗೆಳತಿ ಆ ಪ್ರಶ್ನೆಪತ್ರಿಕೆಯನ್ನು ನನ್ನ ಮುಂದೆ ಹಿಡಿದು, ಈ ಪ್ರಶ್ನೆ ಏನು ಕೇಳುತ್ತಿದೆ ಹೇಳು ಎಂದಳು. ಇಂಗ್ಲಿಷ್ ಓದಿಕೊಂಡ ಮೇಲೆ ನನಗೆ ತಿಳಿಯಿತು. ಕನ್ನಡದ ರಾಜ್ಯದಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆದವಳು ಆ ಕಾರಣಕ್ಕೇ ಹಿಂದೆ ಬೀಳುವುದನ್ನು ನಾನು ಕ್ಷಮಿಸಲಾರೆ.

ಸರ್ಕಾರ ನಮಗೆ ಏನೂ ಕೊಟ್ಟಿಲ್ಲ ಎಂದು ನಾನು ಹೇಳುತ್ತಿಲ್ಲ. 2023ರ ಜೂನ್ 11ರಂದು ಆರಂಭವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯನ್ನು ಹಗುರವಾಗಿ ಆಡಿಕೊಳ್ಳುವವರ ಜೊತೆ ನಾನು ಜಗಳವಾಡಿದ್ದೇನೆ. ಬಸ್ ಪಾಸಿನ ಹಣ ಉಳಿಯಿತು ಎನ್ನುವುದಕ್ಕಿಂತ ದೊಡ್ಡ ವಿಷಯ ಅದು. ನಮ್ಮೂರಿನಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುವ ಹುಡುಗಿಯರು ಮನೆಯಲ್ಲಿ ದಿನವೂ ಚಿಲ್ಲರೆ ಕೇಳಬೇಕಾಗಿತ್ತು. ಕೇಳಿದಾಗಲೆಲ್ಲ ಈ ಓದು ಎಷ್ಟು ದಿನ ಎಂಬ ಪ್ರಶ್ನೆ ಬರುತ್ತಿತ್ತು. ಈಗ ಆ ಮಾತಿಗೆ ಆಸ್ಪದವಿಲ್ಲ. ಆದರೆ ಬೆಳಗಿನ ಒಂದೇ ಬಸ್ಸಿನಲ್ಲಿ ಮೂರು ಊರಿನವರು ತುಂಬಿಕೊಳ್ಳುತ್ತಾರೆ. ನಿಲ್ಲಿಸದೆ ಹೋದರೆ ಮೊದಲ ಎರಡು ಪಾಠ ತಪ್ಪುತ್ತವೆ. ಯುವನಿಧಿಯೂ ಹೀಗೆಯೇ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾದ ಆ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ, ಓದು ಮುಂದುವರಿಸಿದವರಿಗೆ ಕೊಡುವುದಿಲ್ಲ. ನಮ್ಮ ತರಗತಿಯಲ್ಲೇ ಎಂ.ಎ. ಸೇರಲೋ, ಹಣ ಪಡೆದು ಮನೆಯಲ್ಲಿರಲೋ ಎಂದು ಲೆಕ್ಕ ಹಾಕಿದವರಿದ್ದರು. ಯೋಜನೆ ರೂಪಿಸುವಾಗ ವಿದ್ಯಾರ್ಥಿಗಳ ಜೊತೆ ಕೂತು ಮಾತನಾಡಿದ್ದರೆ ಈ ಇಕ್ಕಟ್ಟು ಮೊದಲೇ ತಿಳಿಯುತ್ತಿತ್ತು. ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಅರ್ಜಿ ತಿಂಗಳುಗಟ್ಟಲೆ ಪರಿಶೀಲನೆಯಲ್ಲೇ ಉಳಿಯುವುದು, ಆಧಾರ್ ಜೋಡಣೆ ಸರಿಯಿಲ್ಲವೆಂದು ಬ್ಯಾಂಕಿಗೂ ಕಾಲೇಜಿಗೂ ಅಲೆಯುವುದು, ಇವನ್ನು ಬರೆಯುತ್ತಾ ಹೋದರೆ ಪತ್ರ ಮುಗಿಯುವುದಿಲ್ಲ.

2023ರ ಮೇ 10ರಂದು ನಾನು ಮೊದಲ ಬಾರಿಗೆ ಮತ ಹಾಕಿದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರ ಮಾರ್ಚ್‌ನಲ್ಲಿ, ಅದೇ ನವೆಂಬರ್‌ನಲ್ಲಿ ಹದಿನೆಂಟರವರು ಲೋಕಸಭೆಗೆ ಮತ ಹಾಕಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ರಾಜ್ಯ ಕಾಲೇಜಿನೊಳಗಿನ ಮತಪೆಟ್ಟಿಗೆಯನ್ನು ಎತ್ತಿಟ್ಟಿತು. 18ರ ಹುಡುಗಿ ಪ್ರಧಾನಿಯನ್ನು ನಿರ್ಧರಿಸುವ ಮತ ಹಾಕಬಹುದು, 21 ತುಂಬಿದರೆ ಗ್ರಾಮ ಪಂಚಾಯಿತಿಗೆ ನಿಂತು ಗೆದ್ದು ಅಧ್ಯಕ್ಷೆಯಾಗಬಹುದು. ಆದರೆ ತನ್ನ ಹಾಸ್ಟೆಲ್‌ನ ಊಟದ ಲೆಕ್ಕ ಕೇಳುವ ಪ್ರತಿನಿಧಿಯನ್ನು ಆರಿಸಲಾರಳು. ಹಳೆಯ ಅನುಭವ ಕೆಟ್ಟದಾಗಿತ್ತು ಎನ್ನುವ ಒಂದೇ ಕಾರಣಕ್ಕೆ ಇದನ್ನು ಮೂರೂವರೆ ದಶಕ ಮುಂದುವರಿಸುವುದು ಸರಿಯಲ್ಲ.

ಇದು ಕಾಲೇಜಿಗಷ್ಟೇ ಸೇರಿದ ರೋಗವಲ್ಲ ಎಂಬ ಅನುಮಾನವೂ ನನಗಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದವು, ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ, ಅಲ್ಲೂ ಆಡಳಿತಾಧಿಕಾರಿಗಳೇ ಬಂದು ಕೂತರು. ಕೆಳಗಿನಿಂದ ಆರಿಸಿ ಬಂದವರು ಇಲ್ಲದಿದ್ದರೆ ಆಡಳಿತ ಸಲೀಸು ಎಂಬ ಭಾವನೆ ಎಲ್ಲ ಪಕ್ಷಗಳಲ್ಲೂ ಬೇರೂರಿದೆ. ಇದೇ ಕರ್ನಾಟಕ 1983ರ ಕಾಯ್ದೆಯ ಮೂಲಕ, ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಪಟ್ಟು ಬಿಡದ ದುಡಿಮೆಯಿಂದ, ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟಿತ್ತು. 1987ರ ಚುನಾವಣೆಯಲ್ಲಿ ಶೇಕಡಾ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು, ದೇಶದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ. ಓದು ಬಾರದ ಹೆಣ್ಣುಮಕ್ಕಳು ಏನು ಆಡಳಿತ ಮಾಡಿಯಾರು ಎಂದು ಆಗ ಕೇಳಿದವರಿದ್ದರು. ಹುಡುಗ ಹುಡುಗಿಯರಿಗೆ ಏನು ತಿಳಿದೀತು ಎಂದು ಇವತ್ತು ಕೇಳುವವರ ದನಿ ಅದಕ್ಕಿಂತ ಬೇರೆಯಾಗಿ ನನಗೆ ಕೇಳಿಸುವುದಿಲ್ಲ.

ಚುನಾವಣೆ ಬೇಡ ಎನ್ನುವವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ತಂದೆಯೇ ಮೊದಲು ಕೇಳುವುದು, ಹೊಡೆದಾಟವಾದರೆ ಯಾರು ಹೊಣೆ ಎಂದು. ಆ ಕಾಲದ ಕ್ಯಾಂಪಸ್‌ಗಳಲ್ಲಿ ನಡೆದ ಗಲಾಟೆಯ ಕಥೆಗಳನ್ನು ನಮ್ಮ ಹಿರಿಯ ಅಧ್ಯಾಪಕರು ಹೇಳುತ್ತಾರೆ. ಪಕ್ಷಗಳು ನುಗ್ಗುತ್ತವೆ ಎನ್ನುತ್ತಾರೆ. ಪಕ್ಷಗಳು ಈಗ ಹೊರಗಿವೆಯೇ? ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಒ ಹೀಗೆ ಪಕ್ಷಗಳಿಗೆ ಹತ್ತಿರವಿರುವ ಎಲ್ಲ ವಿದ್ಯಾರ್ಥಿ ಸಂಘಟನೆಗಳೂ ಕ್ಯಾಂಪಸ್‌ಗಳಲ್ಲಿ ಸದಸ್ಯತ್ವ ಮಾಡಿಸುತ್ತವೆ, ಪ್ರತಿಭಟನೆ ನಡೆಸುತ್ತವೆ. ಅವರಲ್ಲಿ ನಿಜವಾಗಿ ದುಡಿಯುವವರನ್ನು ನಾನು ಬಲ್ಲೆ. ಆದರೆ ಅವರಿಗೆ ನಾವು ಮತ ಹಾಕಿಲ್ಲ. ಅವರು ತಪ್ಪಿದರೆ ಇಳಿಸುವ ದಾರಿ ನಮಗಿಲ್ಲ. ಮೇಲಿನವರ ಆದೇಶ ಬಂದರೆ ಹಾಸ್ಟೆಲ್‌ನ ನೀರಿನ ವಿಷಯ ಬಿಟ್ಟು ಇನ್ನಾವುದೋ ಊರಿನ ವಿಷಯಕ್ಕೆ ಮೆರವಣಿಗೆ ಹೊರಡುತ್ತಾರೆ. ಚುನಾವಣೆ ಇದ್ದರೆ ಅವರೂ ನೀರಿನ ಬಗ್ಗೆ ಮಾತನಾಡಲೇಬೇಕಾಗುತ್ತದೆ.

ಜಾತಿಯ ಪ್ರಶ್ನೆ ಇದಕ್ಕಿಂತ ಕಠಿಣ. ಮತ ಜಾತಿಯ ಮೇಲೆ ಒಡೆಯುತ್ತದೆ ಎಂದರೆ ನಾನು ಇಲ್ಲ ಎನ್ನಲಾರೆ. ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಯಾವ ಮಹಾಪುರುಷರ ಜಯಂತಿಗೆ ಯಾರು ಚಂದಾ ಎತ್ತುತ್ತಾರೆ ಎಂದು ನೋಡಿದರೆ ಸಾಕು, ಜಾತಿ ಚುನಾವಣೆಗಾಗಿ ಕಾಯುತ್ತಿಲ್ಲ ಎಂದು ಗೊತ್ತಾಗುತ್ತದೆ. ಮತ ಕೇಳಲು ಬಂದವನು ಕೊನೇಪಕ್ಷ ಇನ್ನೊಬ್ಬರ ಕೋಣೆಯ ಬಾಗಿಲು ತಟ್ಟಬೇಕಾಗುತ್ತದೆ. ಒಂದೇ ಜಾತಿಯ ಮತದಿಂದ ಯಾವ ವಿಶ್ವವಿದ್ಯಾಲಯದಲ್ಲೂ ಗೆಲ್ಲಲಾಗದು. ಪಂಚಾಯಿತಿಯಲ್ಲಿರುವಂತೆ ಸರದಿಯ ಮೀಸಲಾತಿ ಇರಲಿ, ಅರ್ಧದಷ್ಟು ಸ್ಥಾನ ವಿದ್ಯಾರ್ಥಿನಿಯರಿಗೆ ಇರಲಿ. ಬರೀ ಸದಸ್ಯ ಸ್ಥಾನ ಸಾಲದು, ಅಧ್ಯಕ್ಷ ಸ್ಥಾನವೂ ಸರದಿಯಲ್ಲಿ ಬರಬೇಕು.

2022ರ ಆರಂಭದ ತಿಂಗಳುಗಳು ನೆನಪಿವೆಯೇ? ಉಡುಪಿಯಲ್ಲಿ ಹಿಜಾಬ್ ಕುರಿತು ಆರಂಭವಾದದ್ದು ರಾಜ್ಯದ ಎಷ್ಟೋ ಕಾಲೇಜುಗಳಿಗೆ ಹಬ್ಬಿತು. ಒಂದು ಕಡೆ ಗೇಟಿನ ಹೊರಗೆ ನಿಂತ ಹುಡುಗಿಯರು, ಇನ್ನೊಂದು ಕಡೆ ಕೇಸರಿ ಶಾಲು ಹೊದ್ದ ಹುಡುಗರು, ನಡುವೆ ಪೊಲೀಸರು. ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಕೊಟ್ಟಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಶಾಸಕರು, ಮಠಾಧೀಶರು, ಮೌಲ್ವಿಗಳು, ಟಿವಿಯವರು ಎಲ್ಲರೂ ಮಾತನಾಡಿದರು. ಆಗ ನಾನು ಪದವಿಯ ಮೊದಲ ವರ್ಷದಲ್ಲಿದ್ದೆ. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಕೆಲವು ದಿನ ಬರಲಿಲ್ಲ, ಬಂದ ಮೇಲೆ ಯಾರ ಜೊತೆಗೂ ಹೆಚ್ಚು ಮಾತನಾಡಲಿಲ್ಲ. ಎಲ್ಲರೂ ಆರಿಸಿದ ಒಂದು ಸಂಘ ಇದ್ದಿದ್ದರೆ ವಿವಾದವೇ ಇರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅವಳ ಮತವೂ ಆ ಹುಡುಗರ ಮತವೂ ಬೇಕಾದ ಯಾರಾದರೂ ಒಬ್ಬರು ಕಾಲೇಜಿನೊಳಗೆ ಇರುತ್ತಿದ್ದರು.

ಚುನಾವಣೆ ಹೇಗೆ ನಡೆಯಬೇಕು ಎಂಬುದಕ್ಕೆ ಸಿದ್ಧ ಚೌಕಟ್ಟು ಇದೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅಧ್ಯಕ್ಷತೆಯ ಸಮಿತಿ 2006ರಲ್ಲಿ ಕೊಟ್ಟ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಜಾರಿಗೆ ತರಲು ಹೇಳಿತು. ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ 5000 ರೂಪಾಯಿ. ಮುದ್ರಿತ ಪೋಸ್ಟರ್ ಇಲ್ಲ. ಶೇಕಡಾ 75 ಹಾಜರಾತಿ ಬೇಕು. ಶೈಕ್ಷಣಿಕ ವರ್ಷ ಆರಂಭವಾದ ಆರರಿಂದ ಎಂಟು ವಾರಗಳೊಳಗೆ ಚುನಾವಣೆ ಮುಗಿಯಬೇಕು. ಇವುಗಳಲ್ಲಿ ಹೆಚ್ಚಿನವನ್ನು ನಾನು ಒಪ್ಪುತ್ತೇನೆ. ಎರಡು ನಿಯಮಗಳನ್ನು ಮಾತ್ರ ನಮ್ಮ ನೆಲದ ಸ್ಥಿತಿ ನೋಡಿ ಬರೆಯಬೇಕು. ಚುನಾವಣೆಯ ವರ್ಷದಲ್ಲಿ ಯಾವ ವಿಷಯವನ್ನೂ ಬಾಕಿ ಉಳಿಸಿಕೊಂಡಿರಬಾರದು ಎನ್ನುತ್ತದೆ ಒಂದು. ನಮ್ಮಲ್ಲಿ ಫಲಿತಾಂಶವೇ ತಿಂಗಳುಗಟ್ಟಲೆ ತಡವಾಗುತ್ತದೆ, ಬರೆದ ಪರೀಕ್ಷೆಗೆ ಗೈರು ಎಂದು ತೋರಿಸಿದ ಪ್ರಸಂಗಗಳಿವೆ, ಮರುಮೌಲ್ಯಮಾಪನದಲ್ಲಿ ಪಾಸಾದವರು ಎಷ್ಟೋ ಮಂದಿ. ಕಚೇರಿಯ ತಡಕ್ಕೆ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಬಾರದು. ವಿಶ್ವವಿದ್ಯಾಲಯದ ಶಿಸ್ತು ಕ್ರಮಕ್ಕೆ ಒಳಗಾದವರು ನಿಲ್ಲುವಂತಿಲ್ಲ ಎಂಬುದು ಇನ್ನೊಂದು. ನೀರಿಗಾಗಿ ಧರಣಿ ಕೂತವರಿಗೆ ನೋಟಿಸು ಕೊಟ್ಟು ಅದನ್ನೇ ಶಿಸ್ತು ಕ್ರಮ ಎಂದರೆ, ಪ್ರಶ್ನೆ ಕೇಳುವವರೆಲ್ಲ ಹೊರಗೆ ಉಳಿಯುತ್ತಾರೆ. ಹಿಂಸೆ, ರ‍್ಯಾಗಿಂಗ್, ಲೈಂಗಿಕ ಕಿರುಕುಳ ಇಂಥ ಅಪರಾಧಗಳಿಗೆ ಮಾತ್ರ ಆ ನಿಯಮ ಅನ್ವಯಿಸಲಿ.

ಆರಿಸಿ ಬಂದವರಿಗೆ ಕೆಲಸವೂ ಇರಬೇಕು. ನಾನು ಪದವಿ ಓದಿದ ಕಾಲೇಜಿನಲ್ಲಿ ಶುಲ್ಕದ ರಸೀದಿಯಲ್ಲಿ ವಿದ್ಯಾರ್ಥಿ ಒಕ್ಕೂಟದ ಹೆಸರಿನಲ್ಲಿ ಹಣ ಪಡೆಯುತ್ತಿದ್ದರು. ಹೆಚ್ಚು ಅಂಕ ಬಂದವರನ್ನು ಅಧ್ಯಾಪಕರು ಪ್ರತಿನಿಧಿ ಎಂದು ಹೆಸರಿಸುತ್ತಿದ್ದರು, ಅವರು ಒಕ್ಕೂಟದ ಉದ್ಘಾಟನೆಯ ದಿನ ಅತಿಥಿಗಳಿಗೆ ಹಾರ ಹಾಕುತ್ತಿದ್ದರು. ಹಣ ಎಲ್ಲಿ ಖರ್ಚಾಯಿತು ಎಂದು ಅವರಿಗೂ ಗೊತ್ತಿರಲಿಲ್ಲ. ಮುಂದಿನ ಸಂಘಕ್ಕೆ ಇಂಥ ಪಾಲು ಬೇಡ. ಹಾಸ್ಟೆಲ್ ಊಟದ ಲೆಕ್ಕ, ವಿದ್ಯಾರ್ಥಿ ನಿಧಿಯ ಲೆಕ್ಕ, ಪರೀಕ್ಷಾ ಶುಲ್ಕದ ಏರಿಕೆ ಈ ಮೂರರ ಮೇಲೆ ಪ್ರಶ್ನೆ ಕೇಳುವ, ಬರಹದಲ್ಲಿ ಉತ್ತರ ಪಡೆಯುವ ಹಕ್ಕು ಕೊಡಿ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಯಲ್ಲಿ ಚುನಾಯಿತ ವಿದ್ಯಾರ್ಥಿಗೆ ಸ್ಥಾನ ಕೊಡಿ. 2023ರ ಮಾರ್ಚ್‌ನಲ್ಲಿ ಬೀದರ್, ಕೊಪ್ಪಳ, ಹಾವೇರಿ, ಬಾಗಲಕೋಟೆ, ಕೊಡಗು, ಹಾಸನ, ಚಾಮರಾಜನಗರಗಳಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಉದ್ಘಾಟಿಸಿದರು, ಬೇಕಾದಷ್ಟು ಅಧ್ಯಾಪಕರನ್ನೂ ಅನುದಾನವನ್ನೂ ಕೊಡಲಿಲ್ಲ. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಇವುಗಳಲ್ಲಿ ಹೆಚ್ಚಿನವೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾಪ ಬಂತು. ತಮ್ಮ ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ ಎಂದು ಅಲ್ಲಿನ ಗೆಳೆಯರು ಪತ್ರಿಕೆ ಓದಿ ತಿಳಿಯಬೇಕಾಯಿತು. ಸಿಂಡಿಕೇಟ್‌ನಲ್ಲಿ ಅವರ ಪ್ರತಿನಿಧಿ ಇದ್ದಿದ್ದರೆ ಆ ಪ್ರಶ್ನೆಯನ್ನು ಸಭೆಯಲ್ಲೇ ಕೇಳುತ್ತಿದ್ದರು.

ನಿಮ್ಮಲ್ಲಿ ಮತ್ತು ವಿರೋಧ ಪಕ್ಷದಲ್ಲಿ ವಿದ್ಯಾರ್ಥಿ ರಾಜಕಾರಣದಿಂದ ಬಂದವರು ಬಹಳ ಮಂದಿ ಇದ್ದಾರೆ. ಡಿ.ಕೆ. ಶಿವಕುಮಾರ್ ಅವರು ವಿದ್ಯಾರ್ಥಿ ನಾಯಕರಾಗಿದ್ದು 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರ ವಿರುದ್ಧ ಸ್ಪರ್ಧಿಸಿದವರು. ದಿವಂಗತ ಅನಂತಕುಮಾರ್ ಅವರು ಎಬಿವಿಪಿಯಲ್ಲಿ ಬೆಳೆದವರು. ಆ ದಾರಿ ಮುಚ್ಚಿದ ಮೇಲೆ ರಾಜಕೀಯಕ್ಕೆ ಬರಲು ಉಳಿದದ್ದು ಅಪ್ಪನ ಹೆಸರು ಅಥವಾ ಹಣ. ನಮ್ಮ ತರಗತಿಯಲ್ಲಿ ಚೆನ್ನಾಗಿ ಮಾತನಾಡುವ, ನಾಲ್ಕು ಜನರನ್ನು ಕೂಡಿಸಿ ಕೆಲಸ ಮಾಡಿಸುವ ಹುಡುಗಿಯರಿದ್ದಾರೆ. ಅವರಿಗೆ ಎರಡೂ ಇಲ್ಲ.

ಕೊನೆಯದಾಗಿ ಕೆಲವು ನೇರ ಬೇಡಿಕೆಗಳು. ಚುನಾವಣೆಯ ಬಗ್ಗೆ ಸರ್ಕಾರ ಯಾವ ಕರಡು ಸಿದ್ಧಪಡಿಸಿದರೂ ಅದನ್ನು ಕನ್ನಡದಲ್ಲಿ, ಓದಿದರೆ ಅರ್ಥವಾಗುವ ಕನ್ನಡದಲ್ಲಿ, ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಿಸಿ. ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಒಂದು ತಿಂಗಳು ಕಾಲಾವಕಾಶ ಕೊಡಿ, ಅದು ಪರೀಕ್ಷೆಯ ತಿಂಗಳಾಗದಿರಲಿ. ಬೆಂಗಳೂರಿನಲ್ಲಿ ಮಾತ್ರ ಸಭೆ ಕರೆಯದೆ ಕಲಬುರಗಿ, ಬಳ್ಳಾರಿ, ಧಾರವಾಡ, ಶಿವಮೊಗ್ಗ, ಮೈಸೂರು, ಮಂಗಳೂರುಗಳಲ್ಲೂ ಕರೆಯಿರಿ. ಆ ಸಭೆಗೆ ಯಾರನ್ನು ಕಳುಹಿಸಬೇಕೆಂದು ಪ್ರಾಂಶುಪಾಲರು ನಿರ್ಧರಿಸುವುದು ಬೇಡ, ತರಗತಿಗಳೇ ಕೈಯೆತ್ತಿ ಆರಿಸಲಿ. ಚುನಾವಣೆಯ ದಿನಾಂಕವನ್ನು ಶೈಕ್ಷಣಿಕ ವೇಳಾಪಟ್ಟಿಯಲ್ಲೇ ಮುದ್ರಿಸಿ, ಪರೀಕ್ಷೆಯ ದಿನಾಂಕ ಮುದ್ರಿಸುವ ಹಾಗೆ. ಮತ್ತು ಹಾಸ್ಟೆಲ್‌ಗಳ ಗೇಟಿನ ಸಮಯವನ್ನು ಗ್ರಂಥಾಲಯದ ಸಮಯಕ್ಕೆ ಸರಿಹೊಂದಿಸಲು ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಯಾವ ಚುನಾವಣೆಯೂ ಬೇಕಿಲ್ಲ, ಈ ವಾರವೇ ಮಾಡಬಹುದು.

ಇಂತಿ,
ಅರ್ಥಶಾಸ್ತ್ರ ವಿಭಾಗದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ